ಕೆಟ್ಟ ನಲ್ಲಿ ಮೊದಲು ಮಕ್ಕಳ ಕಣ್ಣಿಗೆ ಬೀಳುತ್ತದೆ

ಪ್ರಶ್ನೆ: ಎರಡು ವರ್ಷದ ಹಿಂದೆ ಸಂಸ್ಥೆಯೊಂದು ನಮ್ಮ ಶಾಲೆಗೆ ಶೌಚಾಲಯ, ಕೈ ತೊಳೆಯುವ ನಲ್ಲಿಗಳು, ನೀರಿನ ಟ್ಯಾಂಕ್ ಕಟ್ಟಿಸಿಕೊಟ್ಟಿತು. ಈಗ ಅರ್ಧಕ್ಕರ್ಧ ನಲ್ಲಿ ಕೆಟ್ಟಿವೆ, ಎರಡು ಶೌಚಾಲಯಕ್ಕೆ ಬೀಗ ಬಿದ್ದಿದೆ. ಮಕ್ಕಳ ಸ್ವಚ್ಛತಾ ಸಂಘ ಇದೆ, ಆದರೆ ಅಕ್ಟೋಬರ್ 15ರ ಕೈ ತೊಳೆಯುವ ದಿನ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಶೌಚಾಲಯ ತೊಳೆಯಲು ಹಚ್ಚಿದಾಗ ಪೋಷಕರು ಜಗಳಕ್ಕೆ ಬಂದರು. ಮಕ್ಕಳನ್ನು ತೊಡಗಿಸುವುದು ಹೇಗೆ?
– ಒಬ್ಬ ಶಿಕ್ಷಕಿ

ಉತ್ತರ: ಆ ಪೋಷಕರ ಜಾಗದಲ್ಲಿ ನಾನಿದ್ದರೂ ಜಗಳಕ್ಕೆ ಬರುತ್ತಿದ್ದೆ. ಶೌಚಾಲಯ ತೊಳೆಯುವುದು ಸಂಬಳ ಪಡೆಯುವ ದೊಡ್ಡವರ ಕೆಲಸ. ಕೈಗವಸು, ಬ್ರಷ್, ಬ್ಲೀಚಿಂಗ್ ಪೌಡರ್ ಅವರ ಕೈಯಲ್ಲೇ ಇರಬೇಕು. ಮಕ್ಕಳಿಗೆ ಹಂಚಿದಿರೋ, ಪೊರಕೆ ಕೊನೆಗೆ ಹೋಗಿ ಸೇರುವುದು ತಡವಾಗಿ ಬಂದವರ ಕೈಗೆ, ಬಡವರ ಮಕ್ಕಳ ಕೈಗೆ, ಎದುರು ಮಾತಾಡದವರ ಕೈಗೆ. ಬಳಸಿದ ಮೇಲೆ ನೀರು ಹಾಕುವುದು, ನಲ್ಲಿ ನಿಲ್ಲಿಸುವುದು ಎಲ್ಲರ ಅಭ್ಯಾಸವಾಗಲಿ. ಅಲ್ಲಿಗೆ ಸಾಕು.

ಮಕ್ಕಳ ನಿಜವಾದ ಪಾಲು ಬೇರೆ ಇದೆ: ನೋಡುವುದು, ಎಣಿಸುವುದು, ಬರೆದಿಡುವುದು, ಉತ್ತರ ಕೇಳುವುದು. ಈ ಕೊನೆಯದನ್ನು ನಾವು ಅವರಿಗೆ ಕೊಡುವುದೇ ಇಲ್ಲ. ಸಂಘಗಳು ಸೊರಗುವುದು ಅದಕ್ಕೇ.

ಒಂದು ಶಾಲೆಯಲ್ಲಿ ಕಟ್ಟಡದ ಕಡತದ ಪ್ರಕಾರ ಎಲ್ಲವೂ ಸರಿಯಿತ್ತು. ಹುಡುಗಿಯರಿಗೆ ಶಾಲೆಯ ನಕ್ಷೆ ಬರೆದು, ಹೋಗಲು ಹೆದರುವ ಜಾಗಕ್ಕೆ ಕಪ್ಪು ಬಣ್ಣ ತುಂಬಿ ಎಂದೆ. ಎಲ್ಲರೂ ಮೂರನೆಯ ಶೌಚಾಲಯಕ್ಕೇ ಕಪ್ಪು ಬಳಿದಿದ್ದರು. ಹೋಗಿ ನೋಡಿದರೆ ಬಾಗಿಲು ಜಗ್ಗಿ, ಚಿಲಕ ತೂತಿಗೆ ಕೂರುತ್ತಿರಲಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಹಿಡಿದು ನಿಲ್ಲಬೇಕು. ಜೊತೆ ಸಿಗದವಳು ಸಂಜೆವರೆಗೆ ತಡೆದುಕೊಳ್ಳುತ್ತಿದ್ದಳು, ನೀರೇ ಕುಡಿಯುತ್ತಿರಲಿಲ್ಲ. ಬಡಗಿ ಬಂದು ಕಾಲು ಗಂಟೆಯಲ್ಲಿ ಸರಿಮಾಡಿದ. ಎಷ್ಟೋ ತಿಂಗಳಿಂದ ಒಬ್ಬ ದೊಡ್ಡವರಿಗೂ ಅದು ಗೊತ್ತಿರಲಿಲ್ಲ.

ಹಾಗಾಗಿ ನಕ್ಷೆಯಿಂದಲೇ ಶುರುಮಾಡಿ. ಹುಡುಗರದೂ ಹುಡುಗಿಯರದೂ ಬೇರೆ ಬೇರೆ ಇರಲಿ. ಮುಟ್ಟಿನ ಸಂಗತಿ ಎಲ್ಲರೆದುರು ಬರುವುದಿಲ್ಲ. ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇಲ್ಲ ಎಂಬುದನ್ನು ಹುಡುಗಿಯರು ನಿಮ್ಮ ಹತ್ತಿರ ಹೇಳಿಯಾರು, ಮುಖ್ಯೋಪಾಧ್ಯಾಯರ ಮುಂದೆ ಹೇಳಲಾರರು.

ಆಮೇಲೆ ಲೆಕ್ಕ. ಸೋರುವ ನಲ್ಲಿಯ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ಗಡಿಯಾರ ನೋಡಲಿ. ಒಂದು ಗಂಟೆಗೆ ತುಂಬಿದರೆ ದಿನಕ್ಕೆ 24 ಲೀಟರ್ ಚರಂಡಿಪಾಲು. ಶಾಲೆಯಲ್ಲಿ ತಲೆಗೆ ದಿನಕ್ಕೆ 5 ಲೀಟರ್ ನೀರು, ಶೌಚಾಲಯದ್ದು ಬೇರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ. ಅಂದರೆ ಹೆಚ್ಚು ಕಡಿಮೆ ಐದು ಮಕ್ಕಳ ನೀರು ಒಂದು ಸವೆದ ವಾಷರ್‌ಗೆ ಹೋಯಿತು! ಇದನ್ನು ತಾನೇ ಅಳೆದ ಮಗು ಮತ್ತೆ ಸೋರುವ ನಲ್ಲಿಯನ್ನು ನೋಡಿಯೂ ನೋಡದಂತೆ ಹೋಗುವುದಿಲ್ಲ. ಅದೇ ಮಾರ್ಗಸೂಚಿಯಲ್ಲಿ 25 ಹುಡುಗಿಯರಿಗೆ ಒಂದು ಶೌಚಾಲಯ, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರಾಲಯ ಎಂದಿದೆ. ಬೀಗ ಹಾಕಿದವನ್ನು ಬಿಟ್ಟು ನಿಮ್ಮಲ್ಲಿ ಎಷ್ಟು ಎಂದು ಮಕ್ಕಳೇ ಎಣಿಸಲಿ. ಬೀಗ ಏಕೆ ಬಿತ್ತು ಎಂದೂ ಕೇಳಲಿ. ನೀರು ಹತ್ತುತ್ತಿಲ್ಲವೋ, ಗುಂಡಿ ತುಂಬಿದೆಯೋ, ಗಲೀಜಾಗುತ್ತದೆಂದು ಯಾರೋ ಹಾಕಿದ್ದೋ? ಒಂದೊಂದಕ್ಕೂ ಮದ್ದು ಬೇರೆ.

ಕಂಡದ್ದೆಲ್ಲ ಒಂದು ಪುಸ್ತಕಕ್ಕೆ ಹೋಗಲಿ. ಎಡಪುಟದಲ್ಲಿ ಮಕ್ಕಳು ಕಂಡದ್ದು, ಬಲಪುಟದಲ್ಲಿ ದೊಡ್ಡವರು ಮಾಡಿದ್ದು, ತಾರೀಖಿನ ಸಮೇತ. ಪ್ರತಿ ಸೋಮವಾರ ಮುಖ್ಯೋಪಾಧ್ಯಾಯರ ಸಹಿ. ಆಗಲಿಲ್ಲವೆಂದರೆ ಏಕೆ ಆಗಲಿಲ್ಲ ಎಂದು ಬರೆಯಬೇಕು. ದಯವಿಟ್ಟು ಈ ಬಲಪುಟವನ್ನು ಖಾಲಿ ಬಿಡಬೇಡಿ. ನಾನು ನೋಡಿದಂತೆ ಎರಡು ವಾರ ಉತ್ತರ ಸಿಗದಿದ್ದರೆ ಮೂರನೇ ವಾರ ಮಕ್ಕಳು ಬರೆಯುವುದನ್ನೇ ನಿಲ್ಲಿಸುತ್ತಾರೆ. ವಾಷರ್, ಚಿಲಕ, ಸೋಪಿಗೆ ಶಾಲೆಯ ವರ್ಷದ ಖರ್ಚಿನಲ್ಲೇ ಜಾಗವಿರಬೇಕು. ಇದಕ್ಕೆ ಮಕ್ಕಳ ಹತ್ತಿರ ಚಂದಾ ಎತ್ತುವುದು ತಪ್ಪು.

ಇನ್ನೊಂದು, ಸಂಘವನ್ನು ಕೊನೆಯ ತರಗತಿಯವರಿಗೇ ಕೊಡಬೇಡಿ. ಅವರು ಶಾಲೆ ಬಿಟ್ಟ ದಿನ ಸಂಘವೂ ಮುಗಿಯುತ್ತದೆ. ಎರಡು ತರಗತಿಯವರು ಜೊತೆಗಿರಲಿ. ವರ್ಷದ ಕೊನೆಯ ತಿಂಗಳು ದೊಡ್ಡವರು ಚಿಕ್ಕವರನ್ನು ಕರೆದುಕೊಂಡು ನಲ್ಲಿ ನಲ್ಲಿಗೂ ತಿರುಗಿ, ಪುಸ್ತಕ ಅವರ ಕೈಗೆ ಕೊಡಲಿ.

ಪ್ರಶ್ನೆ: ಸೋಪು ಇಟ್ಟ ಮರುದಿನವೇ ಮಾಯವಾಗುತ್ತದೆ. ಏನು ಮಾಡಲಿ?
– ಇನ್ನೊಬ್ಬ ಶಿಕ್ಷಕರು

ಉತ್ತರ: ಸೋಪು ಬೀರುವಿನಲ್ಲಿಟ್ಟು ಬೀಗ ಹಾಕುವುದು ಮಾತ್ರ ಬೇಡ, ಮಕ್ಕಳು ಬರೀ ನೀರಿನಲ್ಲಿ ಕೈ ಒದ್ದೆ ಮಾಡಿಕೊಂಡು ಊಟಕ್ಕೆ ಕೂರುತ್ತಾರೆ. ಒಂದೂವರೆ ಲೀಟರ್ ನೀರಿಗೆ ಸ್ವಲ್ಪ ಬಟ್ಟೆ ಪೌಡರ್ ಕಲಸಿ, ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ನಲ್ಲಿಯ ಪಕ್ಕ ದಾರದಲ್ಲಿ ಕಟ್ಟಿ. ಕುಡಿಯುವ ನೀರಲ್ಲ ಎಂದು ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಕದಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಮಧ್ಯಾಹ್ನದ ಗಂಟೆಗೆ ಹತ್ತು ನಿಮಿಷ ಮೊದಲು ಇಬ್ಬರು ಮಕ್ಕಳು ಬಾಟಲಿಗಳನ್ನು ನೋಡಿ ಬರಲಿ, ಖಾಲಿಯಾಗಿದ್ದರೆ ನೀವೇ ಕಲಸಿ ತುಂಬಿಸಿ.