ಎತ್ತಿಗೂ ಒಂದು ಸೋಮವಾರ ಉಂಟು

ಬಳ್ಳಾರಿಯ ಕೌಲ್ ಬಜಾರಿನಿಂದ 24 ವರ್ಷದ ಓದುಗರೊಬ್ಬರು ಬರೆದಿದ್ದಾರೆ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗಾಗಿ ಅವರು ನಾಲ್ಕು ತಿಂಗಳಿಂದ ಒಂದು ದಿನವೂ ಬಿಡದೆ ಬೆಳಿಗ್ಗೆ ಓಡುತ್ತಾರೆ, ಸಂಜೆ ಜಿಮ್‌ನಲ್ಲಿ ಭಾರ ಎತ್ತುತ್ತಾರೆ. ಕಾರ್ಖಾನೆಯ ರಾತ್ರಿ ಪಾಳಿಯಿದ್ದ ವಾರಗಳಲ್ಲೂ ತಪ್ಪಿಸಿಲ್ಲ. ತೂಕ ಇಳಿಯಲೆಂದು ರಾತ್ರಿಯ ರೊಟ್ಟಿ, ಅನ್ನ ಬಿಟ್ಟಿದ್ದಾರೆ. 1600 ಮೀಟರನ್ನು 6 ನಿಮಿಷ 10 ಸೆಕೆಂಡಿನಲ್ಲಿ ಮುಗಿಸುತ್ತಿದ್ದವರಿಗೆ ಈಗ 6 ನಿಮಿಷ 50 ಸೆಕೆಂಡು ಹಿಡಿಯುತ್ತಿದೆ. ನೆಗಡಿ ಬಿಡುತ್ತಿಲ್ಲ, ನಿದ್ದೆ ನಡುವೆ ಒಡೆಯುತ್ತದೆ, ಎದ್ದ ಕೂಡಲೇ ಎಣಿಸಿದ ನಾಡಿ 60ರಿಂದ 72ಕ್ಕೆ ಏರಿದೆ. ‘ತರಬೇತುದಾರರು ಇನ್ನೂ ಹೆಚ್ಚು ಮಾಡು ಎನ್ನುತ್ತಾರೆ, ತಾಯಿ ಎಲ್ಲ ಬಿಟ್ಟುಬಿಡು ಎನ್ನುತ್ತಾರೆ. ಯಾರ ಮಾತು ಕೇಳಲಿ?’ ಎಂಬುದು ಅವರ ಪ್ರಶ್ನೆ.

ಸದ್ಯಕ್ಕೆ ತಾಯಿಯ ಮಾತು ಕೇಳಿ. ಆದರೆ ಎರಡು ವಾರದ ಮಟ್ಟಿಗೆ ಮಾತ್ರ. ನೀವು ಸೋಮಾರಿಯಾಗಿಲ್ಲ, ದಣಿದಿದ್ದೀರಿ. ಓಡುವಾಗ, ಭಾರ ಎತ್ತುವಾಗ ಸ್ನಾಯುವಿನ ಎಳೆಗಳು ಸಣ್ಣಗೆ ಹರಿಯುತ್ತವೆ, ಅವುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಖರ್ಚಾಗುತ್ತದೆ. ಹರಿದ ಎಳೆ ಮೊದಲಿಗಿಂತ ಗಟ್ಟಿಯಾಗಿ ಕೂಡಿಕೊಳ್ಳುವ ಕೆಲಸ ನಡೆಯುವುದು ಆಮೇಲಿನ 24ರಿಂದ 48 ಗಂಟೆಗಳಲ್ಲಿ. ಅದರಲ್ಲೂ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವ ಗಾಢನಿದ್ರೆಯಲ್ಲಿ. ನೀವು ಆ ಅವಧಿ ಮುಗಿಯುವ ಮೊದಲೇ ಆ ಎಳೆಗಳನ್ನು ಮತ್ತೆ ಹರಿಯುತ್ತಿದ್ದೀರಿ, ಮೇಲಾಗಿ ಕಟ್ಟಲು ಬೇಕಾದ ಅನ್ನವನ್ನೂ ನಿದ್ದೆಯನ್ನೂ ಕಿತ್ತುಕೊಂಡಿದ್ದೀರಿ. ಎಲುಬಿನ ದುರಸ್ತಿಯಂತೂ ಸ್ನಾಯುವಿಗಿಂತ ನಿಧಾನ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಕಡೆ ಬೆರಳೊತ್ತಿದರೆ ನೋಯುತ್ತಿದ್ದರೆ, ಅಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು, ತಡಮಾಡದೆ ತೋರಿಸಿ.

ನಮ್ಮ ಸೀಮೆಯ ಒಕ್ಕಲಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರವೆಂಬ ಭಕ್ತಿ ನಿಜ; ಆ ಬಿಡುವು ಸಿಗದ ಎತ್ತು ಬಿತ್ತನೆಯ ಹೊತ್ತಿಗೆ ಕುಸಿಯುತ್ತದೆ ಎಂಬ ತಿಳಿವಳಿಕೆಯೂ ಅದರೊಳಗಿದೆ ಎಂದು ನಾನು ನಂಬಿದ್ದೇನೆ. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯ ಗರಡಿಯ ವಸ್ತಾದಿಯವರು ಕೆಮ್ಮಣ್ಣಿಗೆ ಇಳಿಸುವ ಮುಂಚೆ ಒಬ್ಬೊಬ್ಬ ಹುಡುಗನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು, ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಒಮ್ಮೆ ನನಗೆ, ‘ಇವತ್ತು ಮಣ್ಣು ಮುಟ್ಟಬ್ಯಾಡ, ಹಾಲು ಕುಡದು ಮಲಕ್ಕೊ ಹೋಗು’ ಎಂದಾಗ ಅಳು ಬಂದಿತ್ತು. ರೆಪ್ಪೆ ಬಿಳಿಚಿದೆಯೇ ಎಂದು ಅವರು ನೋಡುತ್ತಿದ್ದುದು ರಕ್ತಹೀನತೆಯನ್ನು, ಅಂಗೈಗೆ ಕೇಳಿಸಿಕೊಳ್ಳುತ್ತಿದ್ದುದು ನೀವು ಎಣಿಸಿರುವ ನಾಡಿಯನ್ನೇ ಎಂಬುದು ಬಹಳ ವರ್ಷಗಳ ಮೇಲೆ ನನಗೆ ಹೊಳೆಯಿತು.

ಬಿಸಿಲಿನ ಮಾತು ಬೇರೆಯೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ದೇಹವು ತನ್ನನ್ನು ತಂಪಾಗಿಟ್ಟುಕೊಳ್ಳಲು ರಕ್ತವನ್ನು ಚರ್ಮದ ಕಡೆಗೆ ಹರಿಸುವುದರಿಂದ, ಚಳಿಗಾಲದ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳಬೇಕಾಗುತ್ತದೆ. ಈ ಕಾವಿಗೆ ಒಗ್ಗಿಕೊಳ್ಳಲು ದೇಹಕ್ಕೆ 10ರಿಂದ 14 ದಿನ ಬೇಕು. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ವಿಪರೀತ ಶ್ರಮದ ಮರುದಿನ ಮೈಕೈ ಬಿಗಿದು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದರ್ಥ. ಆಗ ಮನೆಮದ್ದು ಮಾಡುತ್ತ ಕೂಡದೆ ನೇರ ಆಸ್ಪತ್ರೆಗೆ ಹೋಗಬೇಕು. ಓಡುವಾಗ ಎದೆ ಹಿಡಿದರೆ, ಕಣ್ಣು ಕತ್ತಲೆ ಬಂದರೂ ಅಷ್ಟೇ.

ಮೊದಲ ಐದು ದಿನ ಓಟವೂ ಬೇಡ, ಭಾರವೂ ಬೇಡ. ಆಮೇಲೆ ಹತ್ತು ದಿನ ನಡಿಗೆ, ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಆಡಬಲ್ಲಷ್ಟು ನಿಧಾನದ ಓಟ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಮೈದಾನಕ್ಕೆ ಹೋಗುವುದನ್ನು ಬಿಟ್ಟೇಬಿಡಿ; ಮೊದಲು ಮನೆಗೆ ಹೋಗಿ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಏಳು ಗಂಟೆಯಾದರೂ ಮಲಗಿ, ಓಟ ಸಂಜೆಗಿರಲಿ. ಬಿಟ್ಟ ರೊಟ್ಟಿಯನ್ನು ಮರಳಿ ತಟ್ಟೆಗೆ ತನ್ನಿ, ಜೊತೆಗೆ ಬೇಳೆ, ಶೇಂಗಾ, ಮೊಸರು, ಒಗ್ಗುವುದಾದರೆ ಮೊಟ್ಟೆ ಇರಲಿ: 60 ಕಿಲೋ ತೂಕದವರು ಇಂಥ ಶ್ರಮ ಮಾಡುವಾಗ ದಿನಕ್ಕೆ 70ರಿಂದ 95 ಗ್ರಾಂ ಪ್ರೋಟೀನು ಬೇಕು, ಬರೀ ಅನ್ನ ಸಾರಿನಿಂದ ಅಷ್ಟು ಒದಗುವುದಿಲ್ಲ. ಈ ನಡುವೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಬೆಳಗಿನ ನಾಡಿ 60ರ ಹತ್ತಿರಕ್ಕೆ ಇಳಿದ ಮೇಲೆ ವಾರಕ್ಕೆ ಎರಡು ದಿನ ಮಾತ್ರ ವೇಗದ ಓಟ, ಎರಡು ದಿನ ಭಾರ, ಒಂದು ದಿನ ಪೂರ್ತಿ ಬಿಡುವು, ಉಳಿದ ದಿನ ಹಗುರ ಓಟ. ನಿಮ್ಮ ಪರೀಕ್ಷೆಯ ಮಿತಿ 6 ನಿಮಿಷ 30 ಸೆಕೆಂಡು; ಅದಕ್ಕಿಂತ ಬೇಗ ಓಡಿ ನೀವು ಈ ಮೊದಲೇ ತೋರಿಸಿದ್ದೀರಿ. ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಏಳುವ ಮುಂಚೆ ಎಣಿಸಿದ ನಾಡಿಯನ್ನು ದಿನವೂ ಬರೆಯಿರಿ. ಎರಡು ವಾರದ ಆ ಅಂಕಿಗಳನ್ನು ನನಗೆ ಕಳಿಸಿಕೊಡಿ, ಅದಕ್ಕೂ ಮೊದಲು ನಿಮ್ಮ ತಾಯಿಗೆ ತೋರಿಸಿ.