ಬಿಎ ಸೈಕಾಲಜಿ ಮುಗಿಸೀನಿ, ವಿಜಯಪುರದಾಗ ಸ್ಕೂಲ್ ಕೌನ್ಸೆಲರ್ ಆಗೂದು ಹೆಂಗ?

ತಂಗಿ, ಬರೀ ಬಿಎಕ್ಕ ನಿಲ್ಲಬ್ಯಾಡ, ಧಾರವಾಡ ಕರ್ನಾಟಕ ಯುನಿವರ್ಸಿಟಿಯೊಳಗ ಸೈಕಾಲಜಿ ಎಂಎ ಐತಿ, ಮಾಡ್ಕೋ. ಆಮ್ಯಾಲೆ ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯ ಗೈಡನ್ಸ್ ಕೌನ್ಸೆಲಿಂಗ್ ಡಿಪ್ಲೊಮಾ ನೋಡು, 1 ವರ್ಷದ್ದು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಆರ್‌ಐಇನೂ ಅದರ ಸೆಂಟರ್, 6 ತಿಂಗಳು ಮನಿಯಾಗ ಕುಂತು ಓದೂದು, 3 ತಿಂಗಳು ಅಲ್ಲೇ ಹೋಗಿ ಕಲಿಯೂದು, ಉಳಿದ 3 ತಿಂಗಳು ಇಂಟರ್ನ್‌ಶಿಪ್, ನನ್ನ ಕೇಳಿದ್ರ ಈ ಕಡೀದೇ ಭಾಳ ಮುಖ್ಯ, ಯಾಕಂದ್ರ ಹುಡುಗರು ಪುಸ್ತಕದಾಗ ಇದ್ದಂಗ ಮಾತಾಡಂಗಿಲ್ಲ, ಹೊಟ್ಟಿ ನೋವು ಅಂತ ಬರ್ತಾವು, ಅರ್ಧ ತಾಸು ಸುಮ್ಮ ಕುಂತ ಮ್ಯಾಲೆ ಅಪ್ಪ ಗೋವಾಕ್ಕ ದುಡಿಯಾಕ ಹೋಗ್ಯಾನ ಅಂತ ಅಳ್ತಾವು. 2012ರ ಪೋಕ್ಸೊ ಕಾಯ್ದೆ ಓದೇ ಓದು, ಮಕ್ಕಳ ಮ್ಯಾಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದ್ರ ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟು ಇಡಾಕ ಬರೂದಿಲ್ಲ. ಕೆಲಸಕ್ಕ ಮೊದಲ ಸಿಬಿಎಸ್‌ಇ ಸಾಲಿಗಳೊಳಗ ಕೇಳು, ಅಲ್ಲಿ ಕೌನ್ಸೆಲರ್ ಇರಬೇಕಂತ ಬೋರ್ಡಿನ ನಿಯಮ ಐತಿ.