ಏಳು ವರ್ಷದ ಮಗುವಿಗೆ ಮನೆಯಲ್ಲೇ ಸಾಹಿತ್ಯ ಪಾಠ ಆರಂಭಿಸುವುದು ಹೇಗೆ?

ಏಳು ವರ್ಷದ ಮಗಳನ್ನು ಈ ವರ್ಷ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೀರಿ. ಇಂಗ್ಲಿಷಿನ ಚಿತ್ರಪುಸ್ತಕಗಳನ್ನು ಅವಳು ಸರಾಗವಾಗಿ ಓದುತ್ತಾಳೆ, ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಅವಳಿಗೆ ಸಾಹಿತ್ಯವನ್ನು ಒಂದು ಪಾಠವಾಗಿ ಆರಂಭಿಸಬೇಕೆಂದಿದ್ದೀರಿ. ಯಾವ ಪುಸ್ತಕ ಹಿಡಿಯಬೇಕು, ದಿನಕ್ಕೆ ಎಷ್ಟು ಹೊತ್ತು ಕೊಡಬೇಕು, ಪ್ರಶ್ನೋತ್ತರ ಬರೆಸಬೇಕೇ, ಎಂಜಿನಿಯರಿಂಗ್ ಓದಿದ ನೀವು ಇದನ್ನು ಕಲಿಸಬಲ್ಲಿರೇ ಎಂದು ಕೇಳಿದ್ದೀರಿ. ನಾನೂ ಬೆಂಗಳೂರಿನಲ್ಲೇ, ಗಿರಿನಗರದಲ್ಲಿದ್ದುಕೊಂಡು, ಕೆಲವು ವರ್ಷಗಳಿಂದ ಮಗನಿಗೆ ಮನೆಯಲ್ಲಿ ಕಲಿಸುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಓದಲು ಕಲಿಸುವ ಪಾಠವನ್ನೂ ಸಾಹಿತ್ಯದ ಪಾಠವನ್ನೂ ಒಂದೇ ಪುಸ್ತಕದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಬೇಡಿ. ಇನ್ನೂ ಎರಡು ಮೂರು ವರ್ಷ ನಿಮ್ಮ ಮಗಳಿಗೆ ಕನ್ನಡ ಸಾಹಿತ್ಯ ಹೋಗಬೇಕಾದದ್ದು ಕಿವಿಯ ಮೂಲಕ. ಕಣ್ಣಿನ ಓದು ಅದರ ಪಕ್ಕದಲ್ಲಿ ತನ್ನದೇ ವೇಗದಲ್ಲಿ ಬರಲಿ.

ಇದಕ್ಕೆ ಕಾರಣ ನಮ್ಮ ಲಿಪಿಯಲ್ಲೇ ಇದೆ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತರೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೂ ಕಾಗುಣಿತ ಹಚ್ಚಬೇಕು, ಅದರ ಮೇಲೆ ಒತ್ತಕ್ಷರಗಳು ಬರುತ್ತವೆ, ಆಮೇಲೆ ಸಂಧಿಯಾಗಿ ಉದ್ದುದ್ದವಾದ ಪದಗಳು ಎದುರಾಗುತ್ತವೆ. ‘ಹೊರಟುಹೋಗಬೇಕಾಗಿತ್ತು’ ಎಂಬ ಒಂದೇ ಪದವನ್ನು ಕೂಡಿಸಿ ಮುಗಿಸುವಷ್ಟರಲ್ಲಿ ಯಾರು ಹೊರಟುಹೋದರು ಎಂಬುದು ಮಗುವಿಗೆ ಮರೆತಿರುತ್ತದೆ. ಇದರ ತಿರುಗು ಮುರುಗಾದ ತೊಂದರೆಯೂ ಇದೆ. ಬರೆದಂತೆ ಉಚ್ಚರಿಸುವ ಲಿಪಿಯಾದ್ದರಿಂದ ಅಕ್ಷರ ಪೂರ್ತಿ ಬಂದ ಮಗು ಅರ್ಥವೇ ಆಗದ ಪುಟವನ್ನೂ ಗಡಗಡನೆ ಓದಿಬಿಡುತ್ತದೆ, ಓದು ಬಂತೆಂದು ನಾವು ನಂಬಿಬಿಡುತ್ತೇವೆ. ಏಳು ವರ್ಷದ ಮಗುವಿನ ಕಣ್ಣು ತಾನಾಗಿ ಓದಬಲ್ಲ ಕನ್ನಡಕ್ಕೂ ಅದರ ಕಿವಿ ಕೇಳಿ ಗ್ರಹಿಸಬಲ್ಲ ಕನ್ನಡಕ್ಕೂ ಬಹಳ ಅಂತರವಿರುತ್ತದೆ. ತಾನೇ ಓದಬಲ್ಲದ್ದನ್ನಷ್ಟೇ ಕೊಡುತ್ತೇನೆಂದು ಹೊರಟರೆ ಅವಳ ಪಾಲಿಗೆ ಉಳಿಯುವುದು ‘ಬಸವ ಬಂದ, ಬಾಳೆ ತಂದ’ ಎನ್ನುವಷ್ಟೇ ಸಾಹಿತ್ಯ.

ಬೆಂಗಳೂರಿನ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಮಕ್ಕಳು ದಿನವೂ ಕೇಳುವುದು ‘ಮಾಡ್ಕೊಂಡು ಹೋಗ್ತಾಳಂತೆ’ ಎಂಬ ಕನ್ನಡ. ಪುಸ್ತಕದಲ್ಲಿರುವುದು ‘ಮಾಡಿಕೊಂಡು ಹೋಗುತ್ತಾಳಂತೆ’. ಗ್ರಾಂಥಿಕ ಕನ್ನಡದ ಧಾಟಿ ಕಿವಿಗೆ ಮೊದಲು ರೂಢಿಯಾಗದಿದ್ದರೆ ಪುಸ್ತಕದ ಭಾಷೆ ಮಗುವಿಗೆ ಪರಕೀಯವಾಗಿಯೇ ಉಳಿಯುತ್ತದೆ. ಆದ್ದರಿಂದ ಗಟ್ಟಿಯಾಗಿ ಓದಿ ಹೇಳುವಾಗ, ಮಗುವಿಗೆ ಸುಲಭವಾಗಲೆಂದು ಪುಸ್ತಕದ ವಾಕ್ಯವನ್ನು ಮನೆಮಾತಿಗೆ ಇಳಿಸಿಕೊಳ್ಳಬೇಡಿ. ಇದ್ದದ್ದನ್ನು ಇದ್ದಂತೆ, ನಿಧಾನವಾಗಿ ಓದಿ. ಮೊದಲ ಕೆಲವು ವಾರ ಅವಳು ಮುಖ ಮುಖ ನೋಡಬಹುದು. ಆಮೇಲೆ ಆಟದ ನಡುವೆ ‘ಎಂದಳು’, ‘ಆದರೂ’ ಎಂಬ ಮಾತುಗಳು ಅವಳ ಬಾಯಿಂದಲೇ ಬರತೊಡಗುತ್ತವೆ.

ಓದುವ ಅಭ್ಯಾಸಕ್ಕೆ ಬೆಳಿಗ್ಗೆ ಹದಿನೈದು ನಿಮಿಷ ಪ್ರತ್ಯೇಕವಾಗಿ ಇಡಿ. ಅದಕ್ಕೆ ಪ್ರಥಮ್ ಬುಕ್ಸ್‌ನ ಕಡಿಮೆ ಬೆಲೆಯ ಪುಸ್ತಕಗಳು ಸಾಕು. 2004ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಈ ಸಂಸ್ಥೆ 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕಥೆಗಳನ್ನು ಉಚಿತವಾಗಿ ಕೊಡುತ್ತಿದೆ. ಪುಸ್ತಕಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ, ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಮೂರನೇ ಹಂತ ಓದುವ ಮಗುವಿಗೆ ಕನ್ನಡದಲ್ಲಿ ಒಂದನೇ ಹಂತ ಕೊಡಲು ಸಂಕೋಚಪಡಬೇಕಾಗಿಲ್ಲ. ಈ ಹದಿನೈದು ನಿಮಿಷದಲ್ಲಿ ತಪ್ಪು ತಿದ್ದುವುದು, ಒತ್ತಕ್ಷರ ಹೇಳಿಕೊಡುವುದು ಎಲ್ಲವೂ ಇರಲಿ. ಸಾಹಿತ್ಯದ ಹೊತ್ತಿಗೆ ಇವು ಯಾವುವೂ ಬರಕೂಡದು.

ಇನ್ನು ಸಾಹಿತ್ಯದ ಪಾಠ. ನಾನು ಆರಂಭಿಸಿದ್ದು ಗೋವಿನ ಹಾಡಿನಿಂದ, ನೀವೂ ಅಲ್ಲಿಂದಲೇ ಆರಂಭಿಸಿದರೆ ಒಳ್ಳೆಯದು ಎಂದು ಈಗಲೂ ಅನ್ನಿಸುತ್ತದೆ. ಕರ್ತೃ ಯಾರೆಂದು ತಿಳಿಯದ ಜನಪದ ಕಥನಕಾವ್ಯ ಅದು. ಹಾಡಿಕೊಂಡು ಹೋಗಬಹುದು, ಒಂದೇ ಕೂರುವಿಕೆಯಲ್ಲಿ ಮುಗಿಯುತ್ತದೆ, ಮನೆಯ ಹಿರಿಯರಿಗೆ ಅರ್ಧವಾದರೂ ಬಾಯಿಪಾಠವಿರುತ್ತದೆ. ಪಠ್ಯಪುಸ್ತಕದ ಕತ್ತರಿಸಿದ ಭಾಗವನ್ನು ಬಿಟ್ಟು ಇಡೀ ಹಾಡನ್ನೇ ಹುಡುಕಿ ಓದಿ. ಕೊನೆಯಲ್ಲಿ ಹುಲಿ ಪ್ರಾಣ ಬಿಡುವುದನ್ನು ಮುಚ್ಚಿಡುವುದು, ಹುಲಿ ಕಾಡಿಗೆ ಓಡಿಹೋಯಿತು ಎಂದು ಬದಲಿಸುವುದು ಬೇಡ. ಮಕ್ಕಳ ಮನಸ್ಸು ನಾವು ಎಣಿಸಿದಷ್ಟು ನಾಜೂಕಾಗಿಲ್ಲ.

ಓದಿ ಮುಗಿಸಿದ ಮೇಲೆ ಪ್ರಶ್ನೆ ಕೇಳುವ ಬದಲು ‘ನೀನು ಹೇಳು’ ಎಂದಷ್ಟೇ ಹೇಳಿ. ಬ್ರಿಟನ್ನಿನ ಶಿಕ್ಷಣ ಚಿಂತಕಿ ಶಾರ್ಲೆಟ್ ಮೇಸನ್ (1842–1923) ರೂಢಿಗೆ ತಂದ ಕ್ರಮವಿದು: ಒಂದೇ ಸಲ ಗಮನವಿಟ್ಟು ಕೇಳಿಸಿಕೊಳ್ಳುವುದು, ಕೇಳಿದ್ದನ್ನು ತನ್ನ ಮಾತಿನಲ್ಲಿ ಮರಳಿ ಹೇಳುವುದು. ಆರು ವರ್ಷ ತುಂಬುವ ಮೊದಲು ಮಗುವಿನಿಂದ ಇದನ್ನು ಬಲವಂತವಾಗಿ ಕೇಳಬಾರದು ಎಂದು ಆಕೆಯೇ ಹೇಳಿದ್ದಾರೆ. ನಿಮ್ಮ ಮಗಳಿಗೆ ಈಗ ತಕ್ಕ ವಯಸ್ಸು. ನಮ್ಮ ಗಮಕ ಪರಂಪರೆಯಲ್ಲೂ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅದನ್ನೇ ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ವಾಚನ ನಿಮ್ಮದಾದರೆ ವ್ಯಾಖ್ಯಾನ ಮಗಳದ್ದು.

ಗೋವಿನ ಹಾಡನ್ನು ನನ್ನ ಮಗ ಮೊದಲ ಸಲ ಮರಳಿ ಹೇಳಿದಾಗ ಪುಣ್ಯಕೋಟಿ ಕೊಟ್ಟ ಮಾತಿನ ಪ್ರಸಂಗವನ್ನೇ ಬಿಟ್ಟುಬಿಟ್ಟಿದ್ದ. ಹಸು ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗವನ್ನು ಮಾತ್ರ ಬೆಳೆಸಿ ಬೆಳೆಸಿ ಹೇಳಿದ. ಕರು ಯಾವ ಹಸುವಿನ ಪಕ್ಕ ಮಲಗಿತು, ರಾತ್ರಿ ಅದಕ್ಕೆ ಹಾಲು ಯಾರು ಕೊಟ್ಟರು ಎಂದು ಹಾಡಿನಲ್ಲಿ ಇಲ್ಲದ ವಿವರಗಳನ್ನೂ ಸೇರಿಸಿದ. ನಾನು ತಿದ್ದಲು ಹೋಗಲಿಲ್ಲ. ತಬ್ಬಲಿಯಾಗುವ ಕರುವಿನ ಗತಿ ಏನು ಎಂಬುದೇ ಆ ವಯಸ್ಸಿಗೆ ಕಥೆಯ ತಿರುಳು; ಸತ್ಯವಾಕ್ಯದ ವಿಚಾರ ದೊಡ್ಡವರಾದ ನಮಗೆ ದೊಡ್ಡದಾಗಿ ಕಾಣುತ್ತದೆ. ‘ಈ ಕಥೆಯಿಂದ ನೀನು ಏನು ಕಲಿತೆ?’ ಎಂದು ಅಲ್ಲಿ ಕೇಳಿಬಿಟ್ಟಿದ್ದರೆ ಸತ್ಯ ಹೇಳಬೇಕು ಎಂಬ ಸಿದ್ಧ ಉತ್ತರ ಬರುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೆಯದಾಗಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತೆಗೆದುಕೊಳ್ಳಿ. ರಾಬರ್ಟ್ ಬ್ರೌನಿಂಗ್ ಹ್ಯಾಮೆಲಿನ್ ಊರಿನ ಬಗ್ಗೆ ಬರೆದ ಇಂಗ್ಲಿಷ್ ಕವಿತೆ ಇಲ್ಲಿ ತುಂಗಾ ತೀರಕ್ಕೆ ಬಂದು, ಊರಿನ ಮೇಯರ್ ಗೌಡನಾಗಿ, ಪೂರ್ತಿ ನಮ್ಮದಾಗಿದೆ. ಇಂಗ್ಲಿಷನ್ನು ಸರಾಗವಾಗಿ ಓದುವ ಮಗುವಿಗೆ ಎರಡನ್ನೂ ಒಂದು ವಾರದ ಅಂತರದಲ್ಲಿ ಓದಿ ಹೇಳಿದರೆ, ಒಂದೇ ಕಥೆ ಎರಡು ಊರುಗಳಲ್ಲಿ ಹೇಗೆ ಬೇರೆಯಾಗುತ್ತದೆ ಎಂಬುದು ಯಾರೂ ವಿವರಿಸದೆಯೇ ಹೊಳೆಯುತ್ತದೆ. ಇಲಿಗಳ ಹೆಸರುಗಳ ಸಾಲು ಬರುವಾಗ ಉಸಿರು ಕಟ್ಟಿಕೊಂಡು ವೇಗವಾಗಿ ಓದಿ. ಅವಳು ಅದನ್ನು ಎರಡನೇ ದಿನಕ್ಕೆ ಬಾಯಿಪಾಠ ಮಾಡಿರುತ್ತಾಳೆ.

ಗದ್ಯಕ್ಕೆ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳಿವೆ. ಕರಾವಳಿಯ ಕೆಲವು ಮಾತುಗಳು ಬೆಂಗಳೂರಿನ ಮಗುವಿಗೆ ಹೊಸದಾಗಿರುತ್ತವೆ, ಆದರೆ ಅವರ ವಾಕ್ಯಗಳನ್ನು ಗಟ್ಟಿಯಾಗಿ ಓದಲು ಹಿತವಾಗಿರುತ್ತದೆ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ 12 ಸಂಪುಟಗಳಲ್ಲಿ ಒಂದೆರಡನ್ನು ಮನೆಯಲ್ಲಿಟ್ಟುಕೊಂಡರೆ ನೀವು ದಣಿದ ದಿನಗಳಿಗೆ ಆಗುತ್ತದೆ. ಪದ್ಯಕ್ಕೆ ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಇಬ್ಬರೇ ಮೊದಲ ವರ್ಷಕ್ಕೆ ಧಾರಾಳವಾಯಿತು. ವರ್ಷಕ್ಕೆ ಏಳೆಂಟು ಪುಸ್ತಕಗಳಿಗಿಂತ ಹೆಚ್ಚು ಬೇಡ. ಇಷ್ಟವಾದದ್ದನ್ನು ಅವಳು ನಾಲ್ಕನೇ ಸಲ ಕೇಳಿದರೆ ನಾಲ್ಕನೇ ಸಲವೂ ಓದಿ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು.

ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಶ್ನೋತ್ತರ ಬೇಡ, ಸಾರಾಂಶ ಬೇಡ. ಅವಳಿಗೆ ಇಷ್ಟವಾದ ಎರಡು ಸಾಲನ್ನು ದುಂಡಾಗಿ ನಕಲು ಮಾಡಲಿ, ಪಕ್ಕದಲ್ಲಿ ಚಿತ್ರ ಬರೆಯಲಿ. ಅವಳು ಮರಳಿ ಹೇಳಿದ ಕಥೆಯನ್ನು ಆಗಾಗ ನೀವೇ ಅವಳ ಮಾತಿನಲ್ಲಿಯೇ ಬರೆದಿಟ್ಟು, ಮರುದಿನದ ಓದಿನ ಪಾಠಕ್ಕೆ ಅದನ್ನೇ ಕೊಡಿ. ತಾನೇ ಹೇಳಿದ ವಾಕ್ಯಗಳಲ್ಲಿ ಮಗು ಅಷ್ಟಾಗಿ ತಡವರಿಸುವುದಿಲ್ಲ.

ಸಿದ್ಧ ಪಠ್ಯಕ್ರಮವನ್ನು ಹೊರದೇಶದಿಂದ ತರಿಸಿಕೊಳ್ಳಬೇಕೇ ಎಂಬ ಯೋಚನೆ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಇಣುಕಿದೆ. ಡಾಲರಿನಲ್ಲಿ ದುಡ್ಡು ತೆತ್ತು ತರಿಸುವ ಆ ಪೆಟ್ಟಿಗೆಗಳಲ್ಲಿ ಒಳ್ಳೆಯ ಪುಸ್ತಕಗಳಿರುತ್ತವೆ, ಸಂಶಯವಿಲ್ಲ. ವಾರವಾರದ ವೇಳಾಪಟ್ಟಿ ಮಾತ್ರ ಬೇರೆ ಋತುಮಾನಕ್ಕೆ, ಬೇರೆ ಹಬ್ಬಗಳಿಗೆ, ಒಂದೇ ಭಾಷೆಯ ಮನೆಗೆ ಹೊಂದಿಸಿದ್ದಾಗಿರುತ್ತದೆ. ಇಂಗ್ಲಿಷ್ ಪುಸ್ತಕಗಳನ್ನು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದೊಂದಾಗಿ ಆರಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಕೇಳಿದ ಕಥೆಯನ್ನು ಅವಳು ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಇದಕ್ಕಿಂತ ಕಠಿಣವೂ ಉಪಯುಕ್ತವೂ ಆದ ಅಭ್ಯಾಸ ಈ ವಯಸ್ಸಿಗೆ ನನಗೆ ಗೊತ್ತಿಲ್ಲ.

ಕನ್ನಡ ಪುಸ್ತಕಗಳಿಗೆ ಗಾಂಧಿ ಬಜಾರು, ಗಾಂಧಿನಗರಗಳ ಅಂಗಡಿಗಳಿವೆ. ಹಳೆಯ ಮುದ್ರಣಗಳಿಗೆ ಅವೆನ್ಯೂ ರಸ್ತೆಯಿದೆ. ಕೊಳ್ಳುವ ಮೊದಲು ನೋಡಬೇಕೆಂದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಹೊಸ ಲೇಖಕರನ್ನು ಹುಡುಕಲು ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿ ನೋಡಬಹುದು. ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಸರಳ: ನಡುವಿನ ಯಾವುದಾದರೂ ಪುಟ ತೆರೆದು ಅರ್ಧ ಪುಟವನ್ನು ಮೆಲ್ಲಗೆ ಓದಿಕೊಳ್ಳುತ್ತೇನೆ, ನಾಲಿಗೆ ತೊಡರಿದರೆ, ಅಥವಾ ಪ್ರತಿ ಕಥೆಯ ಕೆಳಗೂ ಚೌಕಟ್ಟು ಹಾಕಿ ‘ನೀತಿ’ ಅಚ್ಚು ಮಾಡಿದ್ದರೆ, ಪುಸ್ತಕವನ್ನು ಕಪಾಟಿಗೆ ಹಿಂದಿರುಗಿಸುತ್ತೇನೆ. ಇದರಿಂದ ಅರ್ಧಕ್ಕರ್ಧ ಮಕ್ಕಳ ಪುಸ್ತಕಗಳು ಅಲ್ಲೇ ಉಳಿಯುತ್ತವೆ ಎಂಬುದು ಬೇಸರದ ಸಂಗತಿ. ಜೆ.ಪಿ. ನಗರದ ರಂಗ ಶಂಕರದಲ್ಲಿ ಮಕ್ಕಳ ನಾಟಕಗಳಾಗುತ್ತವೆ. ಓದಿದ ಕಥೆಯೇ ರಂಗದ ಮೇಲೆ ಬಂದರೆ ತಪ್ಪಿಸಬೇಡಿ.

ನೀವು ಸಾಹಿತ್ಯ ಓದಿಲ್ಲವೆಂಬ ಅಳುಕಿಗೆ ಬರುತ್ತೇನೆ. ಮರುದಿನ ಓದಬೇಕಾದ ಭಾಗವನ್ನು ಹಿಂದಿನ ರಾತ್ರಿಯೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ, ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟನ್ನು ಕೈಗೆಟುಕುವಲ್ಲಿ ಇಡಿ. ಅಷ್ಟು ಸಾಕು. ಮಗಳು ಕೇಳಿದ ಪದದ ಅರ್ಥ ನಿಮಗೂ ತಿಳಿಯದಿದ್ದರೆ ಅವಳ ಮುಂದೆಯೇ ನಿಘಂಟು ತೆರೆಯಿರಿ. ಛಂದಸ್ಸು, ಅಲಂಕಾರಗಳ ಹೆಸರು ಈಗ ಬೇಡ. ಆದರೆ ಕಿವಿಗೆ ಅವು ಬೇಕು. ಎಂಟು ಒಂಬತ್ತರ ವಯಸ್ಸಿಗೆ ಕುಮಾರವ್ಯಾಸನ ಒಂದೆರಡು ಪದ್ಯಗಳ ಗಮಕ ವಾಚನ ಕೇಳಿಸಿ, ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಗೆ ಚಪ್ಪಾಳೆ ತಟ್ಟಿಸಿ. ಲೆಕ್ಕ ಬಲ್ಲ ನಿಮಗೆ ಇದು ನನಗಿಂತ ಚೆನ್ನಾಗಿ ಬರುತ್ತದೆ.

ಕೊನೆಯದಾಗಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಓದಿದ ಕೃತಿ, ಅವಳು ಹೇಳಿದ ಒಂದು ವಾಕ್ಯ ಇಷ್ಟನ್ನು ಬರೆದಿಡುತ್ತಾ ಬನ್ನಿ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಬಗ್ಗೆ 2009ರ ಕಾಯ್ದೆ ಇರುವುದರಿಂದ ಬಂಧುಗಳೋ ಅಧಿಕಾರಿಗಳೋ ಏನು ಕಲಿಸುತ್ತಿದ್ದೀರಿ ಎಂದು ಕೇಳಿದಾಗ ತೋರಿಸಲು ಅದು ಇರುತ್ತದೆ. ಮುಂದೆ ಎನ್‌ಐಒಎಸ್‌ನ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಮುಕ್ತ ಮೂಲ ಶಿಕ್ಷಣದ ‘ಎ’ ಹಂತಕ್ಕೆ, ಅಂದರೆ ಮೂರನೇ ತರಗತಿಗೆ ಸಮನಾದ ಪರೀಕ್ಷೆಗೆ, ಕೂರಿಸುವ ಯೋಚನೆಯಿದ್ದರೆ ಅದರ ಭಾಷಾ ಪುಸ್ತಕವನ್ನು ಬೆಳಗಿನ ಓದಿನ ಪಾಠಕ್ಕೆ ಸೇರಿಸಿಕೊಳ್ಳಿ, ಸಾಹಿತ್ಯದ ಇಪ್ಪತ್ತು ನಿಮಿಷಕ್ಕೆ ತರಬೇಡಿ.